ಏಳು ಚಮಚ ಮತ್ತು ಒಂದು ಮುತ್ತುಗದ ಮರ

ನಮ್ಮ ಕಾಕಾ ಹೂಂ ಅನ್ನದೆ ವಿಮಾನ ಕೂಡ ಹಾರುವುದಿಲ್ಲ! ಬಡಾಯಿ ಅಂದುಕೊಳ್ಳಬೇಡಿ. ನಾಸಿಕದ ಹತ್ತಿರ, ಓಝರ್ ಕಡೆಯ ವಿಮಾನದ ಕಾರ್ಖಾನೆಯಲ್ಲಿ ಅವರು ಮೂವತ್ತಾರು ವರ್ಷ ತಪಾಸಣೆಯ ಕೆಲಸ ಮಾಡಿದವರು. ಕಾಗದದ ಮೇಲೆ ಅವರ ಸಹಿ ಬೀಳುವ ತನಕ ವಿಮಾನ ಶೆಡ್ಡಿನಿಂದ ಮೂತಿ ಹೊರಗೆ ಹಾಕುವಂತಿರಲಿಲ್ಲ. ಪಾಪ, ವಿಮಾನಗಳಿಗೆ ಬಾಯಿಲ್ಲ, ಸುಮ್ಮನೆ ಕಾಯುತ್ತಿದ್ದವು. ಈಗ ಕಾಕಾ ನಿವೃತ್ತರು. ತಪಾಸಣೆಗೆ ವಿಮಾನಗಳಿಲ್ಲ. ಅದಕ್ಕೇ ನಮ್ಮನ್ನು ಹಿಡಿದುಕೊಂಡಿದ್ದಾರೆ. ನಮಗೆ ಬಾಯಿದೆ, ಸಾಕಷ್ಟು ದೊಡ್ಡದೇ ಇದೆ, ಆದರೂ ಕಾಯುತ್ತೇವೆ!

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಗದಗಿನ ಕಡೆಯಿಂದ ಇಪ್ಪತ್ತೆರಡನೆಯ ವಯಸ್ಸಿಗೆ ನೌಕರಿಗೆಂದು ಬಂದವರು ಇಲ್ಲೇ ಬೇರು ಬಿಟ್ಟರು. ಮಕ್ಕಳಿಲ್ಲ. ಕಾಕಾ, ಕಾಕು, ಇಬ್ಬರೇ. ನಾಲ್ಕು ವರ್ಷದ ಹಿಂದೆ ಬ್ಯಾಂಕಿನವರು ನನ್ನನ್ನು ಹುಬ್ಬಳ್ಳಿಯಿಂದ ನಾಸಿಕಕ್ಕೆ ವರ್ಗ ಮಾಡಿದಾಗ, ನಾನೂ ನನ್ನ ಮಗಳು ಚಿನ್ನಿಯೂ ಅವರ ಮನೆಯ ಎದುರಿನ ಮನೆಯನ್ನೇ ಹಿಡಿದೆವು. ಊಟಕ್ಕೆ ಅನುಕೂಲ ಆಗುತ್ತದೆ ಎಂಬ ದುರಾಸೆ ನನ್ನದು. ಊಟದ ಜೊತೆಗೆ ತಪಾಸಣೆಯೂ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಅವರ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತಂತೆ. ಗೋಡೆಗೆ ದೊಡ್ಡ ಹಲಗೆ. ಅದರ ಮೇಲೆ ಪ್ರತಿಯೊಂದು ಪಾನಾ, ಸುತ್ತಿಗೆ, ಇಕ್ಕಳದ ಆಕಾರವನ್ನೂ ಬಣ್ಣದಿಂದ ಬರೆದಿರುತ್ತಾರೆ. ಕೆಲಸ ಮುಗಿದ ಮೇಲೆ ಎಲ್ಲವೂ ತಮ್ಮ ತಮ್ಮ ಆಕಾರದ ಮೇಲೆ ಬಂದು ಕೂರಬೇಕು. ಒಂದು ಜಾಗ ಖಾಲಿ ಕಂಡರೆ ಮುಗಿಯಿತು, ವಿಮಾನ ನೆಲ ಬಿಡುವ ಹಾಗಿಲ್ಲ. ಆ ಪಾನಾ ವಿಮಾನದ ಹೊಟ್ಟೆಯಲ್ಲೇ ಉಳಿದಿದ್ದರೆ? ವಿಷಯ ಸರಿಯೇ, ನಾನು ಒಪ್ಪುತ್ತೇನೆ. ಆದರೆ ನಿವೃತ್ತಿಯಾದ ಮರುವಾರವೇ ಕಾಕಾ ನೀಲಿ ಬಣ್ಣದ ಡಬ್ಬಿ ತಂದು ಅಡುಗೆಮನೆಯ ಗೋಡೆಯ ಮೇಲೆ ಸೌಟು, ಜಾರಿ, ಲಟ್ಟಣಿಗೆ, ಏಳು ಚಮಚ, ಎಲ್ಲದರ ಆಕಾರ ಬರೆದುಬಿಟ್ಟರೆ? ಕಾಕು ಲಟ್ಟಣಿಗೆ ಹುಡುಕುತ್ತ ಒಳಗೆ ಬಂದವರು, ಗೋಡೆ ನೋಡಿ, ಲಟ್ಟಣಿಗೆಯನ್ನು ಬೇರೆ ಕೆಲಸಕ್ಕೇ ಬಳಸುವ ಯೋಚನೆ ಮಾಡಿದ್ದರಂತೆ!

ಒಮ್ಮೆ ಗದಗಿನಿಂದ ಅತ್ತೆಯೊಬ್ಬರು ಬಂದು ನಾಲ್ಕು ದಿನ ಇದ್ದು ಹೊರಟಿದ್ದರು. ರಿಕ್ಷಾ ಬಾಗಿಲಲ್ಲಿ ನಿಂತಿದೆ. ಕಾಕಾ ಅಡುಗೆಮನೆಯಿಂದ ಕೂಗಿದರು.

"ಚಮಚಾ ಆರs ಅವ. ಯಾರೂ ಹೊರಗ ಕಾಲ ಇಡಬ್ಯಾಡ್ರಿ!"

"ಅಲ್ರಿ, ಒಂದು ಚಮಚಾ ಹೋದರ ಏನ್ ಮುಳಗತದ?" ಅಂದರು ಕಾಕು.

"ಚಮಚಾ ಹೋಗೂದಿಲ್ಲ. ಎಲ್ಲೋ ಇರತದ. ಎಲ್ಲೆ ಅದ ಅನ್ನೂದು ಗೊತ್ತಾಗಬೇಕು. ಗೊತ್ತಾಗೋತನಾ ಕೆಲಸ ಮುಗದಂಗಲ್ಲ."

ಹಾಸಿಗೆ ಕೊಡವಿದ್ದಾಯಿತು, ಕಸದ ಬುಟ್ಟಿ ಬೋರಲು ಹಾಕಿದ್ದಾಯಿತು. ಕೊನೆಗೆ ಅತ್ತೆ ದಾರಿಗೆಂದು ಕಟ್ಟಿಕೊಂಡಿದ್ದ ಮೊಸರನ್ನದ ಡಬ್ಬಿಯಲ್ಲಿ ಚಮಚ ಸಿಕ್ಕಿತು. ಅಷ್ಟರಲ್ಲಿ ರೈಲು ಹೋಗಿತ್ತು. ಕಾಕಾರ ಮುಖದಲ್ಲಿ ಎಂಥ ಸಂತೋಷ ಅಂತೀರಿ! ಅತ್ತೆ ಆಮೇಲೆ ಯಾರ ಮದುವೆಯಲ್ಲಿ ಸಿಕ್ಕರೂ ಕೈಚೀಲ ಬಿಚ್ಚಿ ತೋರಿಸಿಯೇ ಕಾಕಾರನ್ನು ಮಾತಾಡಿಸುತ್ತಾರೆ.

ಇನ್ನೊಂದು ಪದ್ಧತಿ ಎರಡು ಸಹಿಯದು. ಕೆಲಸ ಮಾಡಿದವರದು ಒಂದು, ತಪಾಸಣೆ ಮಾಡಿದವರದು ಇನ್ನೊಂದು. ಎರಡೂ ಒಬ್ಬರದೇ ಆಗುವಂತಿಲ್ಲ. ಊರಿಗೆ ಹೊರಡುವಾಗ ಗ್ಯಾಸ್ ಬಂದ್ ಮಾಡಿದ್ದಕ್ಕೆ, ನಲ್ಲಿ ಬಂದ್ ಮಾಡಿದ್ದಕ್ಕೆ, ಹಿಂಬಾಗಿಲು ಹಾಕಿದ್ದಕ್ಕೆ ಕಾಗದದಲ್ಲಿ ಎರಡೆರಡು ಸಹಿ. ಕಾಕು ಮಾತ್ರ ಮದುವೆಯಾದಾಗಿನಿಂದ ಒಂದು ಸಹಿಯನ್ನೂ ಹಾಕಿಕೊಟ್ಟಿರಲಿಲ್ಲ. "ನಾ ಏನ್ ನಿಮ್ಮ ಕಾರಖಾನ್ಯಾಗ ಪಗಾರಕ್ಕ ಇದ್ದೀನೇನು?" ಅಂದುಬಿಡುತ್ತಿದ್ದರು. ಹಾಗಾಗಿ ಆ ಭಾಗ್ಯ ನನಗೂ ಚಿನ್ನಿಗೂ ಬಂದಿತ್ತು.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಇಂಥ ಮನುಷ್ಯನ ಜೊತೆ ನಾವು ಒಂದು ದಿನದ ಪ್ರವಾಸ ಹೋಗಬೇಕಾಗಿತ್ತು. ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ರವಾಸ. ಅದಕ್ಕೆ ತಯಾರಿ ನಡೆದದ್ದು ಒಂದು ವರ್ಷ!

ಹೋಗಬೇಕಾಗಿದ್ದದ್ದು ಸಂಭಾಜಿನಗರ ದಾಟಿ, ಸಿಲ್ಲೋಡ್ ರಸ್ತೆಯಲ್ಲಿರುವ ಒಂದು ತೋಟಕ್ಕೆ. ಹೆಸರುವಾಸಿ ಚಿತ್ರಕಾರರೊಬ್ಬರು ಮಾಡಿದ ತೋಟ. ಅವರ ಹೆಸರು ಹೇಳುವುದಿಲ್ಲ, ಹೇಳಿದರೆ ಅಕ್ಷರ ಸರಿಯಿದೆಯೇ ಎಂದು ಕಾಕಾ ನೋಡಲು ಬರುತ್ತಾರೆ. ಹತ್ತಿ ಕೂಡ ಸರಿಯಾಗಿ ಬಾರದ ಕಲ್ಲುನೆಲ ಕೊಂಡು, ಒಂದೊಂದೇ ಗಿಡ ನೆಟ್ಟು, ಆಮೇಲೆ ಬದುಕೆಲ್ಲ ಅವೇ ಗಿಡಗಳ ಚಿತ್ರ ಬರೆದ ಪುಣ್ಯಾತ್ಮ. ಅವರು ಹೋದ ಮೇಲೂ ತೋಟವನ್ನು ಇದ್ದ ಹಾಗೇ ಇಟ್ಟಿದ್ದಾರೆ, ಯಾರು ಬೇಕಾದರೂ ಹೋಗಿ ನೋಡಬಹುದು.

ಅವರು ಬರೆದ ಒಂದು ಮುತ್ತುಗದ ಮರದ ಚಿತ್ರ ಎಂದೋ ಒಂದು ಕ್ಯಾಲೆಂಡರ್ ಮೇಲೆ ಬಂದಿತ್ತು. ಎಲೆ ಒಂದೂ ಇಲ್ಲ, ಮೈತುಂಬ ಕೆಂಡದಂಥ ಹೂವು. ಆ ಕ್ಯಾಲೆಂಡರ್ ಕಾಕುವಿನ ಒಲೆಯ ಎದುರಿಗಿದೆ. ವರ್ಷ ಮುಗಿದು ಯಾವ ಕಾಲವಾಯಿತೋ! ಕಾಕು ತಾರೀಖಿನ ಹಾಳೆ ಹರಿದು ಹಾಕಿದರು, ಚಿತ್ರ ಉಳಿಸಿಕೊಂಡರು. ರೊಟ್ಟಿ ಬಡಿಯುವಾಗೆಲ್ಲ ಅವರ ಕಣ್ಣು ಅದರ ಮೇಲೆ. "ಇದರಾಗ ಏನ್ ಅದ ಕಾಕು?" ಎಂದು ನಾನೊಮ್ಮೆ ಕೇಳಿದ್ದೆ. "ಏನಿಲ್ಲವಾ. ನಮ್ಮ ಅಡಗಿಮನಿಗೆ ಕಿಡಕಿ ಇಲ್ಲ ನೋಡು" ಅಂದರು. ಹೌದಲ್ಲ! ಅಷ್ಟು ದಿನದಿಂದ ಅಲ್ಲಿ ಕೂತು ತಿಂದವಳು, ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಎರಡು ವರ್ಷದ ಹಿಂದೆ ಚಳಿಗಾಲದಲ್ಲಿ ಕಾಕುವಿಗೆ ಎದೆನೋವು ಬಂತು. ಹತ್ತು ದಿನ ಆಸ್ಪತ್ರೆ. ಬಿಡುವಾಗ ಡಾಕ್ಟರು ಹೇಳಿದರು: ತುಸು ನಡೆಯಿರಿ, ತುಸು ಕೂತುಕೊಳ್ಳಿ, ದಣಿಯಬೇಡಿ. ಮನೆಗೆ ಬಂದ ಕಾಕು ಒಲೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಚಿತ್ರ ನೋಡುತ್ತ, "ಕಣ್ಣ ಮುಚ್ಚೂದರಾಗ ಈ ಗಿಡಾ ಒಮ್ಮೆ ನೋಡಿ ಬರಬೇಕು ಅನಸತದ" ಅಂದರು. ಅವರು ಬಾಯಿಬಿಟ್ಟು ಏನನ್ನಾದರೂ ಬೇಕೆಂದು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಕಣ್ಣು ತುಂಬಿ ಬಂತು. "ನಾನ ಗಾಡಿ ನಡಸತೀನಿ ಕಾಕು, ಹೂ ಬಿಟ್ಟಾಗ ಹೋಗೇಬಿಡೋಣು" ಅಂದೆ.

ಕಾಕಾ ಪೇಪರ್ ಮಡಿಸಿಟ್ಟು, "ಪಟ್ಟಿ ಮಾಡಬೇಕಾಗತದ" ಅಂದರು.

ಪಟ್ಟಿ ಬಂತು. ನಲವತ್ತೇಳು ಕಲಮು! ಕೊಡೆ ಒಂದು, ಖಡಕ್ ರೊಟ್ಟಿ ಇಪ್ಪತ್ತು, ಗುಳಿಗೆ ಡಬ್ಬಿ ಎರಡು (ಒಂದು ಕಳೆದರೆ?), ಚಮಚ ಏಳು. ನಾಲ್ಕು ಜನಕ್ಕೆ ಏಳು ಚಮಚ ಯಾಕೆ ಎಂದು ಕೇಳಿದರೆ, ಮನೆಯಲ್ಲಿ ಮೂರು ಬಿಟ್ಟು ಹೋದರೆ ಅವುಗಳ ಲೆಕ್ಕ ಯಾರು ನೋಡುತ್ತಾರೆ ಎಂದು ನಮಗೇ ತಿರುಗಿ ಪ್ರಶ್ನೆ! ಕಾಕು ಕನ್ನಡಕ ಹಾಕಿಕೊಂಡು ಓದುತ್ತ ಹೋದವರು ಒಂದು ಕಡೆ ನಿಂತರು.

"ಅಲ್ರಿ, ಹದಿಮೂರನೇದು ಕೊಡಿ. ಹದಿನಾಲ್ಕನೇದು ನಾನು. ಕೊಡಿ ಆದಮ್ಯಾಲೆ ನಾನೇನ್ರಿ?"

"ಮರೀಬಾರದ ವಸ್ತು ಎಲ್ಲಾ ಒಂದ ಕಡೆ ಬರದೀನಿ" ಅಂದರು ಕಾಕಾ, ಮುಖದಲ್ಲಿ ನಗುವೇ ಇಲ್ಲ.

ಆಮೇಲೆ ರಸ್ತೆಯ ಜಗಳ. ಸಮೃದ್ಧಿ ಹೆದ್ದಾರಿ ಹಿಡಿದರೆ ಸುಯ್ಯನೆ ಹೋಗಿಬಿಡಬಹುದು ಎಂದು ನಾನು. ಬೇಡ, ನಿಫಾಡ, ಯೇವಲಾ, ವೈಜಾಪುರ ಹಾದು ಹಳೆಯ ರಸ್ತೆಯಲ್ಲೇ ಹೋಗಬೇಕೆಂದು ಅವರು. ನಕ್ಷೆ ತಂದು ಹರಡಿದರು. ಅದರ ಮೇಲೆ ಒಂಬತ್ತು ಕಡೆ ಕೆಂಪು ಪೆನ್ಸಿಲ್ಲಿನ ಗುರುತು.

"ಇವೇನು ಕಾಕಾ, ಚಹಾದ ಅಂಗಡಿಗಳೇನ್ರಿ?"

"ಹೂಂ, ಹಂಗs ತಿಳಕೋ."

ಒಂಬತ್ತು ಸಲ ಚಹಾ ಕುಡಿಯುವ ಪ್ರವಾಸ! ಚಿನ್ನಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮರಾಠಿ. "ಅಜ್ಜಾ, ಮಗ ಆಪಣ್ ಪೋಚಣಾರ್ ಕಧೀ?" ಅಂದಳು. ಹಾಗಾದರೆ ನಾವು ಮುಟ್ಟುವುದು ಯಾವಾಗ ಎಂದು. ಕಾಕಾ ಕೂಡಲೇ ಹೇಳಿದರು, "ಹನ್ನೊಂದು ಹೊಡದು ಹತ್ತು ಮಿನೀಟಿಗೆ." ಹನ್ನೊಂದಕ್ಕಲ್ಲ, ಹನ್ನೊಂದೂ ಕಾಲಕ್ಕಲ್ಲ. ಮರವೇನು ಹತ್ತು ನಿಮಿಷ ತಡವಾದರೆ ಎದ್ದು ಹೋಗುತ್ತದೆಯೇ? ನಾನು ನಕ್ಕೆ. ಅವರು ನಗಲಿಲ್ಲ.

ಹೋದ ವರ್ಷ ಮಾರ್ಚ್ ತಿಂಗಳ ಒಂದು ಭಾನುವಾರ. ಬೆಳಿಗ್ಗೆ ಐದೂವರೆಗೆ ಬುತ್ತಿ ಕಟ್ಟಿ, ಕಾಕು ಹಸಿರು ಇಳಕಲ್ ಸೀರೆ ಉಟ್ಟು ತಯಾರಾಗಿ ಕೂತಿದ್ದಾರೆ. ಗಾಡಿ ಚಾಲೂ ಮಾಡಿದ್ದೇನೆ. ಒಳಗಿನಿಂದ ದನಿ ಬಂತು.

"ಚಮಚಾ ಆರs ಅವ."

ಮನೆ ಎರಡು ಸಲ ಜಾಲಾಡಿದೆವು. ಬುತ್ತಿ ಬಿಚ್ಚಿ ಕಟ್ಟಿದೆವು. ಒಂಬತ್ತು ಗಂಟೆಯಾಯಿತು. "ಈಗ ಹೊಂಟರ ಬಿಸಲಾಗ ಮುಟ್ಟತೀವಿ. ಇವತ್ತು ಬ್ಯಾಡ" ಎಂದು ಕಾಕಾ ಘೋಷಿಸಿದರು. ಕಾಕು ಸೀರೆ ಬಿಚ್ಚಿ ಮಡಿಸಿಟ್ಟು, ಬುತ್ತಿಯ ರೊಟ್ಟಿಯನ್ನು ನಮಗೇ ಬಡಿಸಿದರು. ಮಧ್ಯಾಹ್ನ ಬಟ್ಟೆ ಒಗೆಯಲು ಹಾಕುವಾಗ ಆ ಏಳನೆಯ ಚಮಚ ಎಲ್ಲಿ ಸಿಕ್ಕಿತು ಹೇಳಿ? ಕಾಕಾರದೇ ಅಂಗಿಯ ಕಿಸೆಯಲ್ಲಿ! ಮೂವತ್ತಾರು ವರ್ಷ ವಿಮಾನದ ಹೊಟ್ಟೆ ತಡಕಿದವರಿಗೆ ತಮ್ಮ ಕಿಸೆ ತಡಕಲು ತಿಳಿಯಲಿಲ್ಲವಲ್ಲ ಎಂದು ನಾನೂ ಚಿನ್ನಿಯೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಕಾಕು ನಗಲಿಲ್ಲ. ಚಮಚ ತೊಳೆದು ಗೋಡೆಗೆ ಹಾಕಿದರು.

ಮುಂದಿನ ಭಾನುವಾರ ಮತ್ತೆ ಬುತ್ತಿ, ಮತ್ತೆ ಹಸಿರು ಸೀರೆ. ಈ ಸಲ ಚಮಚ ಏಳೂ ಇದ್ದವು. ಆದರೆ ಗಾಡಿಯ ಹಿಂದಿನ ಗಾಲಿಯ ಹವಾ ತುಂಬುವ ನಳಿಗೆಯ ಮೇಲಿನ ಪುಟ್ಟ ಮುಚ್ಚಳ ಇರಲಿಲ್ಲ. ಬೆರಳ ತುದಿಯಷ್ಟು ಮುಚ್ಚಳ! ಅಷ್ಟಕ್ಕೇ ಗಾಡಿ ನೆಲ ಬಿಡಲಿಲ್ಲ. ಮೂರನೆಯ ಭಾನುವಾರದ ಹೊತ್ತಿಗೆ, ಹೂ ಉದುರಿತು ಎಂದು ಕಾಕಾರೇ ಸುದ್ದಿ ತಂದರು. ಎಲ್ಲಿಂದ ತಂದರು ಎಂದು ನಾನು ಕೇಳಬೇಕಿತ್ತು. ಸಿಟ್ಟಿನಲ್ಲಿದ್ದೆ, ಕೇಳಲಿಲ್ಲ.

ಆ ವರ್ಷ ಇನ್ನೊಂದು ಸೋಜಿಗ ನಡೆಯಿತು. ಕಾಕಾಗೆ ಭಕ್ತಿ ಬಂತು! ದೇವಸ್ಥಾನಕ್ಕೆ ಹೋದರೆ ಗಂಟೆಯ ಕೊಂಡಿ ಗಟ್ಟಿಯಾಗಿದೆಯೇ ಎಂದು ನೋಡಿ ಹಿಂದಿರುಗುವ ಮನುಷ್ಯ, ಎರಡು ತಿಂಗಳಿಗೊಮ್ಮೆ "ತ್ರ್ಯಂಬಕೇಶ್ವರಕ್ಕ ಹೋಗಿ ಬರತೀನಿ" ಎಂದು ಬೆಳಕು ಹರಿಯುವ ಮೊದಲೇ ಹೊರಡತೊಡಗಿದರು. ತ್ರ್ಯಂಬಕೇಶ್ವರ ನಾಸಿಕಕ್ಕೆ ಒಂದು ತಾಸಿನ ದಾರಿ. ಇವರು ಬರುವುದು ದೀಪ ಹಚ್ಚುವ ಹೊತ್ತಿಗೆ. ಹಣೆಗೆ ಗಂಧವಿಲ್ಲ, ಕೈಯಲ್ಲಿ ಪ್ರಸಾದವಿಲ್ಲ. ಶ್ರಾವಣದಲ್ಲಿ ಹೋಗಿ ಬಂದಾಗಂತೂ ಚೀಲದ ತುಂಬ ಮೆಕ್ಕೆಜೋಳದ ತೆನೆ!

"ಇದ್ಯಾವ ದೇವರು ಗೊಂಜಾಳ ಪ್ರಸಾದ ಕೊಡೂದು?" ಎಂದು ಕಾಕು ಕೇಳಿದರು.

"ದಾರ್ಯಾಗ ಮಾರತಿದ್ದರು" ಅಂದರು ಕಾಕಾ. ತೆನೆ ಸಿಹಿಯಾಗಿದ್ದವು. ನಾವು ಸುಟ್ಟುಕೊಂಡು ತಿಂದೆವು, ಹೆಚ್ಚು ವಿಚಾರಿಸಲಿಲ್ಲ.

ಭಕ್ತಿಯ ಜೊತೆಗೆ ಇನ್ನೊಂದು ಹುಚ್ಚು. ಪಡಸಾಲೆಯಿಂದ ಹೊರಗಿನ ಜಗುಲಿಯವರೆಗೆ ಸೀಮೆಸುಣ್ಣದಿಂದ ಗೆರೆ ಎಳೆದು, ದಿನಾ ಬೆಳಿಗ್ಗೆ ಕಾಕುವನ್ನು ಅದರ ಮೇಲೆ ನಡೆಸುವುದು. ತಾವು ಹಿಂದೆ ಹಿಂದೆ ಎಣಿಸುತ್ತ ಹೋಗುವುದು. ಅರವತ್ತು ಹೆಜ್ಜೆಗೆ ಕಾಕು ಕುರ್ಚಿ ಹಿಡಿಯುತ್ತಿದ್ದರು. ಕಾಕಾ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. "ನನ್ನೂ ವಿಮಾನ ಮಾಡಿ ಹಾರಸತಾರ ನೋಡವಾ" ಎಂದು ಕಾಕು ನನ್ನ ಹತ್ತಿರ ದೂರು ಹೇಳಿ ನಗುತ್ತಿದ್ದರು.

ಈ ವರ್ಷ ಮತ್ತೆ ಮಾರ್ಚ್ ಬಂತು. ಕಾಕು ಏನೂ ಕೇಳಲಿಲ್ಲ. ಆದರೆ ಹಸಿರು ಸೀರೆ ಕಪಾಟಿನಿಂದ ಹೊರಗೆ ಬಂದು ಹಗ್ಗದ ಮೇಲೆ ಗಾಳಿಗೆ ಕೂತಿತ್ತು. ಮೊದಲ ಭಾನುವಾರ ಹೊರಡುವುದೆಂದಾಯಿತು. ಏಳು ಚಮಚ ನಾನೇ ಎಣಿಸಿದೆ. ಗಾಲಿಯ ಮುಚ್ಚಳ ನಾನೇ ತಿರುಗಿಸಿ ನೋಡಿದೆ. ನಲವತ್ತೇಳು ಕಲಮಿಗೂ ನನ್ನದೊಂದು, ಚಿನ್ನಿಯದೊಂದು ಸಹಿ ಆದ ಮೇಲೆ ಪಟ್ಟಿಯನ್ನು ಕಾಕಾರ ಕೈಗಿಟ್ಟೆ. ಇನ್ನೇನು ನೆಪ ಸಿಗುತ್ತದೋ ನೋಡೋಣ!

ಸಿಕ್ಕಿತು. ಇಪ್ಪತ್ತೊಂಬತ್ತನೆಯ ಕಲಮಿನಲ್ಲಿ ಅವಸರಕ್ಕೆ ಎರಡೂ ಸಹಿಗಳನ್ನು ನಾನೇ ಹಾಕಿದ್ದೆ.

"ಮಾಡಿದವರs ತಪಾಸಣಿ ಮಾಡಿದರ ಅದಕ್ಕೇನ್ ಅರ್ಥ ಅದ? ಇದು ನಡಿಯೂದಿಲ್ಲ. ಪಟ್ಟಿ ಮತ್ತ ಮೊದಲಿಂದ ಆಗಬೇಕು. ಮುಂದಿನ ಆಯ್ತವಾರ ನೋಡೋಣು."

ಇಪ್ಪತ್ತೊಂಬತ್ತನೆಯ ಕಲಮು ಏನು ಗೊತ್ತೇ? ಉಪ್ಪಿನಕಾಯಿ ಬಾಟಲಿಯ ಬಿರಡೆ!

ನನಗೆ ಎಲ್ಲಿತ್ತೋ ಸಿಟ್ಟು. ಹಿರಿಯರು ಕಿರಿಯರು ಎಂಬುದನ್ನೂ ಬಿಟ್ಟು ಬಾಯಿಗೆ ಬಂದದ್ದು ಅಂದೆ. "ನಿಮಗ ಕಾಕೂನ ಕರಕೊಂಡು ಹೋಗೂ ಮನಸs ಇಲ್ಲ ಕಾಕಾ. ಹಂಗ ಹೇಳಿಬಿಡ್ರಿ. ಆಕಿ ಜೀವಾ ಇನ್ನೊಂದು ವರ್ಷ ಕಾಯತದ ಅಂತ ನಿಮ್ಮ ಪಟ್ಟ್ಯಾಗ ಯಾರ ಸಹಿ ಅದ?"

ಕಾಕಾರ ಮುಖ ಕಪ್ಪಿಟ್ಟಿತು. ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿಕೊಂಡು ಒಳಗೆ ಹೋದರು. "ಯಾಕವಾ ಹಂಗಂದಿ?" ಎಂದು ಕಾಕು ನನ್ನನ್ನೇ ಗದರಿಸಿದರು. ಆ ವಾರವಿಡೀ ನಾನು ಎದುರುಮನೆಗೆ ಊಟಕ್ಕೆ ಹೋಗಲಿಲ್ಲ. ಶುಕ್ರವಾರ ಕಾಕಾ ಮತ್ತೆ ತ್ರ್ಯಂಬಕೇಶ್ವರಕ್ಕೆ ಹೋದರೆಂದು ಚಿನ್ನಿ ಹೇಳಿದಳು. ಹೋಗಲಿ, ಮಾಡಿದ ಪಾಪಕ್ಕೆ ಮುಳುಗಿ ಬರಲಿ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಐದು ಗಂಟೆಗೆ ಬಾಗಿಲು ಬಡಿದವರು ಕಾಕಾ. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಹೊಸ ಪಟ್ಟಿ ಹಿಡಿದು ನಿಂತಿದ್ದರು. "ಗಾಡಿ ತಗೀ" ಅಂದರು. ನಾನು ಚಮಚ ಕೇಳಲಿಲ್ಲ, ಬಿರಡೆ ಕೇಳಲಿಲ್ಲ. ಅವರೂ ಹೇಳಲಿಲ್ಲ. ಇಪ್ಪತ್ತು ನಿಮಿಷದಲ್ಲಿ ನಾವು ರಸ್ತೆಯ ಮೇಲಿದ್ದೆವು. ನಂಬುತ್ತೀರಾ?

ನಿಫಾಡದಲ್ಲಿ ಮೊದಲ ಕೆಂಪು ಗುರುತು. ಚಹಾ ಸಿಗುತ್ತದೆಂದು ನಾನು ಗಾಡಿ ನಿಧಾನ ಮಾಡಿದೆ. ಚಹಾದ ಅಂಗಡಿ ಇರಲಿಲ್ಲ. ಒಂದು ಆಸ್ಪತ್ರೆ ಇತ್ತು. ಕಾಕಾ ಅದರ ಬೋರ್ಡು ನೋಡಿ, ಗಡಿಯಾರ ನೋಡಿ, ವಹಿಯಲ್ಲಿ ಗುರುತು ಹಾಕಿ, "ನಡೀಲಿ" ಅಂದರು. ಯೇವಲಾದಲ್ಲಿ ಎರಡನೆಯದು, ಅದೂ ಆಸ್ಪತ್ರೆ. ನಾನು ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿದೆ. ಕಾಕುವಿಗೆ ಇದಾವುದರ ಪರಿವೆಯೂ ಇಲ್ಲ. ಪೈಠಣಿ ಸೀರೆಯ ಅಂಗಡಿಗಳ ಬೋರ್ಡು ಎಣಿಸುತ್ತಿದ್ದರು.

"ಏನ್ರಿ, ಐದು ಮಿನೀಟು ನಿಂದರೂಣೇನು? ಸುಮ್ಮನ ನೋಡಲಿಕ್ಕೆ."

"ಪಟ್ಟ್ಯಾಗ ಇಲ್ಲ" ಅಂದರು ಕಾಕಾ, ಗಾಬರಿಯಿಂದ. ಸುಮ್ಮನೆ ನೋಡಲು ಹೋದ ಹೆಂಗಸರು ಬರಿಗೈಯಲ್ಲಿ ಬಂದದ್ದನ್ನು ಯಾವ ತಪಾಸಣೆಯೂ ಇವತ್ತಿನವರೆಗೆ ಕಂಡಿಲ್ಲವಲ್ಲ!

ಮುಂದೆ ವೈಜಾಪುರ ದಾಟಿದೆವು, ಸಂಭಾಜಿನಗರದ ಗದ್ದಲ ದಾಟಿ ಸಿಲ್ಲೋಡ್ ರಸ್ತೆ ಹಿಡಿದೆವು. ತೋಟದ ಗೇಟಿನ ಮುಂದೆ ಗಾಡಿ ನಿಂತಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಒಳಗಿನಿಂದ ತೋಟ ನೋಡಿಕೊಳ್ಳುವ ಮಾವಶಿ ಬಂದಳು. ಐವತ್ತೈದರ ಹೆಂಗಸು, ಸೀರೆಯ ಕಚ್ಚೆ ಕಟ್ಟಿದ್ದಳು, ಕೈಯಲ್ಲಿ ನೀರಿನ ಪೈಪು. ಕಾಕಾರನ್ನು ನೋಡಿದವಳೇ ಪೈಪು ಕೆಳಗೆ ಹಾಕಿದಳು.

"ಕಾಯ್ ಕಾಕಾ, ಶೇವಟೀ ಆಣಲಂತ್ ನಾ ಕಾಕೂಂನಾ!"

ಏನು ಕಾಕಾ, ಅಂತೂ ಕಾಕುವನ್ನು ಕರೆತಂದಿರಲ್ಲ, ಎಂದು! ನಾವು ಮೂವರೂ ಕಾಕಾರ ಮುಖ ನೋಡಿದೆವು. ಅವರು ಗೇಟಿನ ಹತ್ತಿರ ಹೋಗಿ ತಿರುಗುಣಿ ತಪಾಸಣೆ ಮಾಡತೊಡಗಿದರು.

ಮಾವಶಿಯ ಬಾಯಿಗೆ ಬಿರಡೆ ಇರಲಿಲ್ಲ. ಎಲ್ಲ ಅವಳ ಬಾಯಿಂದಲೇ ಹೊರಬಿತ್ತು. ಹೋದ ವರ್ಷ ಹೂ ಬಿಡತೊಡಗಿದಾಗಲೇ, ನಾವು ಮೊದಲ ಸಲ ಬುತ್ತಿ ಕಟ್ಟುವುದಕ್ಕೂ ಮುಂಚೆ, ಈ ಕಾಕಾ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರಂತೆ. ಗೇಟಿನಿಂದ ಮುತ್ತುಗದವರೆಗೆ ನಡೆದು ನೋಡಿದರಂತೆ. ನೂರಾ ಎಪ್ಪತ್ತು ಹೆಜ್ಜೆ, ನಡುವೆ ಕೂರಲು ಒಂದು ಕಲ್ಲೂ ಇಲ್ಲ. "ನನ್ನ ಹೆಂಡತಿ ಅರವತ್ತಕ್ಕಿಂತ ಹೆಚ್ಚು ನಡೆಯಲಾರಳು, ಬೆಂಚು ಹಾಕಿಸಿ" ಎಂದರಂತೆ. ಆಮೇಲೆ ಎಷ್ಟು ಸಲ ಬಂದರೋ! ಮಳೆಗಾಲದಲ್ಲೂ ಬಂದರು, ಬಂದಾಗಲೆಲ್ಲ ಅದೇ ಮಾತು. ಕೊನೆಗೆ ತೋಟದವರು ಒಪ್ಪಿ ಎರಡು ಬೆಂಚು ಕಟ್ಟಿಸಿದರು. ಹದಿನೈದು ದಿನದ ಹಿಂದೆ ಸಿಮೆಂಟು ಹಾಕಿದ್ದು. ಹೋದ ಭಾನುವಾರ ಬರುವವರಿದ್ದರು, ಇನ್ನೂ ಹಸಿಯಿದೆ ಎಂದು ನಾನೇ ಫೋನಿನಲ್ಲಿ ಹೇಳಿದೆ, ಎಂದಳು ಮಾವಶಿ. ಮೊನ್ನೆ ಶುಕ್ರವಾರ ಬಂದು, ಬೆಂಚಿನ ಮೇಲೆ ಕೂತು, ಎದ್ದು, ಮತ್ತೆ ಕೂತು, ಅಲುಗಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದರಂತೆ.

"ಹೆಜ್ಜೆ ಅಳೆಯುವಾಗ ಹೇಗೆ ನಡೆದು ತೋರಿಸಿದರು ಗೊತ್ತೇ?" ಎಂದು ಅವಳು ನಗುತ್ತ, ಸೆರಗು ಹಿಡಿದು, ಸಣ್ಣ ಸಣ್ಣ ಹೆಜ್ಜೆ ಇಟ್ಟು, ನಡುವೆ ಉಸಿರು ತೆಗೆದುಕೊಳ್ಳಲು ನಿಂತು, ಮತ್ತೆ ನಡೆದು ತೋರಿಸಿದಳು. ಥೇಟ್ ಕಾಕುವಿನ ನಡಿಗೆ! ಆರಡಿ ಎತ್ತರದ ನಮ್ಮ ಕಾಕಾ ಈ ತೋಟದಲ್ಲಿ ಒಬ್ಬರೇ ಹೀಗೆ ಕಾಕುವಾಗಿ ನಡೆದಿದ್ದರು. ಚಿನ್ನಿ ನಕ್ಕಳು. ನನಗೆ ನಗಲಾಗಲಿಲ್ಲ.

ಅಂಗಿಯ ಕಿಸೆಯ ಚಮಚ, ಗಾಲಿಯ ಮುಚ್ಚಳ, ಉಪ್ಪಿನಕಾಯಿಯ ಬಿರಡೆ, ಎಲ್ಲ ಒಂದೊಂದಾಗಿ ನೆನಪಾದವು. ಮೂವತ್ತಾರು ವರ್ಷ ಕೈ ನಡುಗದೆ ವಿಮಾನಗಳಿಗೆ ಸಹಿ ಹಾಕಿದ ಮನುಷ್ಯನಿಗೆ ಹೆಂಡತಿಯ ನೂರಾ ಎಪ್ಪತ್ತು ಹೆಜ್ಜೆಗೆ ಸಹಿ ಹಾಕಲು ಧೈರ್ಯ ಬಂದಿರಲಿಲ್ಲ. ಅವಳು ದಾರಿಯಲ್ಲಿ ಕುಸಿದರೆ ಎಂಬ ಹೆದರಿಕೆಯನ್ನು ಬಾಯಿಬಿಟ್ಟು ಹೇಳಲೂ ಬರದೆ ಚಮಚದ ಹಿಂದೆ ಅಡಗಿಕೊಂಡಿದ್ದರು. ಅಂಥವರಿಗೆ ನಾನು ಮನಸ್ಸಿಲ್ಲ ಎಂದಿದ್ದೆ. ನನಗೆ ನಾಚಿಕೆಯಾಯಿತು.

ಕಾಕು ಮಾತ್ರ ಗೇಟಿನ ಬಳಿ ಹೋಗಿ, ತಿರುಗುಣಿ ಹಿಡಿದು ನಿಂತ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದರು.

"ತ್ರ್ಯಂಬಕೇಶ್ವರದ ದೇವರು ಇಲ್ಲೆ ಇದ್ದನೇನ್ರಿ?"

"ಎಣ್ಣಿ ಬಿಡಬೇಕು ಇದಕ್ಕ" ಅಂದರು ಕಾಕಾ, ಗೇಟಿನ ಕಡೆಗೇ ಮುಖ ಮಾಡಿಕೊಂಡು.

ಕಾಕು ನಡೆದರು. ಐವತ್ತೆಂಟನೆಯ ಹೆಜ್ಜೆಗೆ ಮೊದಲ ಬೆಂಚು. ಕೂತರು, ಸುಧಾರಿಸಿಕೊಂಡರು, ಎದ್ದರು. ನೂರಾ ಹದಿನೈದಕ್ಕೆ ಎರಡನೆಯದು. ಅಲ್ಲಿಂದಲೇ ಮುತ್ತುಗ ಕಂಡಿತು. ಎಲೆಯಿಲ್ಲದ ಮರಕ್ಕೆ ನೆರಳೆಲ್ಲಿಂದ ಬರಬೇಕು? ಆದರೆ ಎರಡನೆಯ ಬೆಂಚಿನ ಪಕ್ಕ ಒಂದು ದೊಡ್ಡ ಬೇವಿನ ಮರವಿತ್ತು. ಅದರ ನೆರಳು ಸರಿಯುತ್ತ ಬಂದು ಇಡೀ ಬೆಂಚಿನ ಮೇಲೆ ಬಿದ್ದಿತು. ನಾನು ಗಡಿಯಾರ ನೋಡಿದೆ. ಹನ್ನೊಂದು ಹೊಡೆದು ಹತ್ತು ನಿಮಿಷ!

ಮರ ಚಿತ್ರದಲ್ಲಿದ್ದ ಹಾಗಿರಲಿಲ್ಲ. ವಯಸ್ಸಾಗಿತ್ತು, ಒಂದು ದೊಡ್ಡ ಕೊಂಬೆ ಮುರಿದಿತ್ತು. ಉಳಿದ ಕೊಂಬೆಗಳಲ್ಲಿ ಮಾತ್ರ ಹಿಡಿಸಲಾರದಷ್ಟು ಹೂವು. ಗಿಳಿಗಳ ಗದ್ದಲ ಬೇರೆ. ಕಾಕು ನೋಡುತ್ತ ಕೂತರು. ಕಾಕಾ ಬೆಂಚಿನ ತುದಿಯಲ್ಲಿ ನಿಂತು ಮರವನ್ನು ನೋಡದೆ ಕಾಕುವಿನ ಮುಖವನ್ನೇ ನೋಡುತ್ತಿದ್ದರು.

"ಕ್ಯಾಲೆಂಡರದಾಗ ಇದ್ದಂಗ ಅದ ಇಲ್ಲೋ?" ಎಂದು ಕೊನೆಗೆ ತಡೆಯಲಾರದೆ ಕೇಳಿದರು.

"ಇಲ್ರಿ" ಅಂದರು ಕಾಕು. "ಇದು ಅಲಗ್ಯಾಡತದ."

ಊಟ ಅಲ್ಲೇ ಆಯಿತು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಕಾಕು ಉಳಿದ ಐವತ್ತೈದು ಹೆಜ್ಜೆಯನ್ನೂ ನಡೆದು ಮರವನ್ನು ಮುಟ್ಟಿ ಬಂದರು. ಒಂದೂವರೆಗೆ ಹೊರಟವರು ಸಂಜೆ ಆರಕ್ಕೆ ಮನೆಯಲ್ಲಿದ್ದೆವು.

ಬಂದ ಮೇಲೆ ಪಟ್ಟಿ ಮುಗಿಸಬೇಕಲ್ಲ. ತೊಳೆದ ಚಮಚಗಳನ್ನು ಕಾಕಾ ಒಂದೊಂದಾಗಿ ಗೋಡೆಗೆ ಹಾಕಿದರು. ಆರು. ಏಳನೆಯ ನೀಲಿ ಆಕಾರ ಖಾಲಿ ಉಳಿಯಿತು. ನಾನೂ ಚಿನ್ನಿಯೂ ಮುಖ ಮುಖ ನೋಡಿಕೊಂಡೆವು. ಈಗ ಬುತ್ತಿಯ ಗಂಟು ಬಿಚ್ಚಬೇಕು, ಗಾಡಿಯ ಸೀಟು ಕೀಳಬೇಕು. ಕಾಕಾ ತಮ್ಮ ಕಿಸೆಯನ್ನು ಎರಡು ಸಲ ತಡಕಿಕೊಂಡರು. ಈ ಸಲ ಅವರು ನಿಜವಾಗಿಯೂ ಹುಡುಕುತ್ತಿದ್ದರು.

"ತರ್ರಿ ಇಲ್ಲೆ" ಎಂದು ಕಾಕು ಕೈ ಚಾಚಿದರು. ಪಟ್ಟಿ ತೆಗೆದುಕೊಂಡು, ಕನ್ನಡಕ ಏರಿಸಿ, ಚಮಚದ ಕಲಮು ಹುಡುಕಿದರು. ಪೆನ್ನು ಕೇಳಿದರು. ಏಳು ಎಂಬುದನ್ನು ಹಾಗೇ ಬಿಟ್ಟು, ಅದರ ಮುಂದೆ ತಪಾಸಣೆಯ ಜಾಗದಲ್ಲಿ ದುಂಡಗೆ ತಮ್ಮ ಸಹಿ ಹಾಕಿದರು. ಮದುವೆಯಾದಾಗಿನಿಂದ ಮೊದಲ ಸಹಿ!

"ಏ, ಒಂದು ಕಡಿಮಿ ಇದ್ದಾಗ ಸಹಿ ಮಾಡಬಾರದು!" ಎಂದು ಕಾಕಾ ಕೂಗಿದರು.

"ಕಡಿಮಿ ಎಲ್ಲದರಿ? ಆ ಎರಡನೇ ಬೆಂಚಿನ ಮ್ಯಾಲೆ ಇಟ್ಟು ಬಂದೀನಿ. ಮರತಿಲ್ಲ, ಬೇಕಂತನ ಇಟ್ಟೀನಿ. ಮಾವಶಿಗೂ ಹೇಳೀನಿ. ಎಲ್ಲೆ ಅದ ಅನ್ನೂದು ಗೊತ್ತಿದ್ದರ ಸಾಕಂತ ನೀವ ಅಂತಿದ್ದಿರಲ್ಲ? ಮುಂದಿನ ವರ್ಷ ಹೂ ಬಿಟ್ಟಾಗ ಹೋಗಿ ತಗೊಂಡು ಬರೂಣು."

ಕಾಕಾ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ಆ ಸಹಿಯನ್ನು ಬಹಳ ಹೊತ್ತು ನೋಡಿದರು. "ಮುಂದಿನ ವರ್ಷ" ಎಂದು ತಮಗೆ ತಾವೇ ಒಮ್ಮೆ ಹೇಳಿಕೊಂಡರು. ಆಮೇಲೆ, "ಹಂಗಿದ್ದರ ಬರೋಬರಿ ಅದ" ಎಂದು ಕನ್ನಡಕ ತೆಗೆದು ಒರೆಸುತ್ತ ಹಿತ್ತಲಿಗೆ ಹೋದರು. ಹಿಂಬಾಗಿಲು ಹಾಕಿದೆಯೋ ಇಲ್ಲವೋ ನೋಡಲು, ಎಂದು ಹೇಳಿ ಹೋದರು.

ಗೋಡೆಯ ಮೇಲೆ ಏಳನೆಯ ಜಾಗ ಈಗಲೂ ಖಾಲಿಯಿದೆ. ಕಾಕಾ ಅಲ್ಲಿಗೆ ಬೇರೆ ಚಮಚ ತಂದಿಲ್ಲ. ದಿನಾ ಬೆಳಿಗ್ಗೆ ಅದನ್ನೊಮ್ಮೆ ನೋಡಿ, ಸೀಮೆಸುಣ್ಣದ ಗೆರೆ ತಿದ್ದಿ, ಕಾಕುವಿನ ಹಿಂದೆ ಎಣಿಸುತ್ತ ನಡೆಯುತ್ತಾರೆ. ಇವತ್ತು ಅರವತ್ತಾರಾಯಿತು.